ಹಬ್ಬ ಮುಗಿಯಿತು. ಚರ್ಚಿನಲ್ಲಿ ದುಡಿದವರಿಗೆ ಈ ಸಲ ಹೇಗೆ ಧನ್ಯವಾದ ಹೇಳೋಣ?

ಪಾಲನಾಸಮಿತಿ_ಮೈಸೂರು | ಜನವರಿ 5, 2026, ರಾತ್ರಿ 9:20

ಎಲ್ಲರಿಗೂ ನಮಸ್ಕಾರ. ಹೊಸ ವರ್ಷದ ಶುಭಾಶಯಗಳು.

ನಾನು ಮೈಸೂರು ಕಡೆಯ ಒಂದು ಕಥೋಲಿಕ ಧರ್ಮಕೇಂದ್ರದ ಪಾಲನಾ ಸಮಿತಿಯ ಕಾರ್ಯದರ್ಶಿ. ನಿನ್ನೆ ಮೂವರು ಜ್ಞಾನಿಗಳ ಹಬ್ಬ ಆಯಿತು. ಬರುವ ಭಾನುವಾರ, ಅಂದರೆ 11ಕ್ಕೆ, ಯೇಸುವಿನ ಜ್ಞಾನಸ್ನಾನದ ಹಬ್ಬ. ಅಲ್ಲಿಗೆ ಕ್ರಿಸ್ಮಸ್ ಕಾಲ ಮುಗಿಯುತ್ತದೆ. ಅವತ್ತು ಎರಡನೇ ಪೂಜೆಯ ನಂತರ, ಹಬ್ಬದಲ್ಲಿ ದುಡಿದವರಿಗೆ ಧನ್ಯವಾದ ಹೇಳುವ ಕಾರ್ಯಕ್ರಮ ಇಟ್ಟಿದ್ದೇವೆ. ಅದನ್ನು ಹೇಗೆ ಮಾಡಬೇಕು ಅಂತ ಸಮಿತಿಯಲ್ಲಿ ಚರ್ಚೆ ನಡೆಯುತ್ತಿದೆ. ನಿಮ್ಮ ಸಭೆಗಳಲ್ಲಿ ಹೇಗೆ ಮಾಡುತ್ತೀರಿ ಅಂತ ತಿಳಿಯುವ ಆಸೆ.

ಈ ಸಲ ಕೆಲಸ ಎಷ್ಟಿತ್ತು ಅಂತ ಮೊದಲು ಹೇಳುತ್ತೇನೆ. ನವೆಂಬರ್ 30ಕ್ಕೆ ಕ್ರಿಸ್ಮಸ್ಸಿಗೆ ಸಿದ್ಧವಾಗುವ ಆಗಮನ ಕಾಲ ಶುರುವಾಯಿತು. ಗಾನವೃಂದದವರ ಅಭ್ಯಾಸ ಅದಕ್ಕೂ ಮುಂಚೆಯೇ ಶುರು. ಆಮೇಲೆ ಮನೆ ಮನೆಗೆ ಕ್ಯಾರಲ್ಸ್, ಪಾಪನಿವೇದನೆಯ ದಿನಗಳು, ಗೋದಲಿ (ಯೇಸು ಹುಟ್ಟಿದ ಕೊಟ್ಟಿಗೆಯ ಮಾದರಿ) ಕಟ್ಟುವುದು, ನಕ್ಷತ್ರ ಏರಿಸುವುದು, 24ರ ರಾತ್ರಿ ಪೂಜೆ, 25ರ ಬೆಳಿಗ್ಗೆ ಮತ್ತೆ ಪೂಜೆ. 28ಕ್ಕೆ ಪವಿತ್ರ ಕುಟುಂಬದ ಹಬ್ಬ. ಅದೇ ದಿನ ಧರ್ಮಪ್ರಾಂತ್ಯಗಳಲ್ಲಿ 2025ರ ಜುಬಿಲಿ (ಪವಿತ್ರ) ವರ್ಷದ ಸಮಾರೋಪ ಕೂಡ ಇತ್ತು. 31ರ ರಾತ್ರಿ ವರ್ಷದ ಕೃತಜ್ಞತಾ ಪೂಜೆ, 1ಕ್ಕೆ ಮಾತೆ ಮರಿಯಮ್ಮನವರ ಹಬ್ಬ. ನಾವು ಬರುತ್ತೇವೆ, ಹೊಸ ಬಟ್ಟೆ ಹಾಕಿಕೊಂಡು ಕೂರುತ್ತೇವೆ, ಕೇಕ್ ತಿಂದು ಮನೆಗೆ ಹೋಗುತ್ತೇವೆ. ಪ್ರತಿ ಸಲ ನಾವು ಬರುವ ಮೊದಲೇ ಯಾರೋ ಬಂದಿರುತ್ತಾರೆ. ನಾವು ಹೋದ ಮೇಲೂ ಅವರು ಅಲ್ಲೇ ಇರುತ್ತಾರೆ.

ವಾಡಿಕೆಯಂತೆ ನಮ್ಮಲ್ಲಿ ನಡೆಯುವುದು ಇಷ್ಟು. ವೇದಿಕೆ, ಮೈಕು, ಶಾಲು, ಹಾರ, ಹಣ್ಣಿನ ಬುಟ್ಟಿ, ಸ್ಮರಣಿಕೆ. ದಾನಿಗಳಿಗೆ ಸನ್ಮಾನ, ಸಮಿತಿಯವರಿಗೆ ಸನ್ಮಾನ, ಅತಿಥಿಗಳಿಗೆ ಸನ್ಮಾನ. ಕೊನೆಗೆ "ಹಗಲಿರುಳು ದುಡಿದ ಎಲ್ಲರಿಗೂ" ಅಂತ ಒಂದೇ ಸಾಲು. ಆ ಒಂದು ಸಾಲಿನ ಒಳಗೆ ಕಸ ಗುಡಿಸುವ ಅಮ್ಮ, ಕಾವಲಿನವರು, ಉಪದೇಶಿ, ಆಫೀಸಿನ ಹುಡುಗಿ, ಅಡುಗೆಯವರು, ಗೋದಲಿ ಕಟ್ಟಿದ ಹುಡುಗರು ಎಲ್ಲರೂ ಸೇರಿಬಿಡುತ್ತಾರೆ. ಅವರಲ್ಲಿ ಸಂಬಳಕ್ಕೆ ದುಡಿಯುವವರೂ ಇದ್ದಾರೆ, ಸ್ವಇಚ್ಛೆಯಿಂದ ಬರುವವರೂ ಇದ್ದಾರೆ. ಇಬ್ಬರಿಗೂ ಸಲ್ಲುವ ಧನ್ಯವಾದ ಒಂದೇ ತರಹದ್ದಲ್ಲ ಅಂತ ನನಗೆ ಬಲವಾಗಿ ಅನ್ನಿಸುತ್ತಿದೆ. ಈ ಸಲ ಕ್ರಮ ಬದಲಾಗಬೇಕು.

ದಯವಿಟ್ಟು ನಿಮ್ಮ ಅನುಭವ ಬರೆಯಿರಿ.

---

ಆಲ್ಟೊ_ಹುಡುಗಿ | ಜನವರಿ 5, ರಾತ್ರಿ 9:48

ಅಣ್ಣ, ಇದನ್ನು ಕೇಳಿದ್ದಕ್ಕೇ ಮೊದಲು ಧನ್ಯವಾದ.

ನಾನು ಬೆಂಗಳೂರಿನ ಒಂದು ಕನ್ನಡ ಗಾನವೃಂದದಲ್ಲಿ ಹಾಡುತ್ತೇನೆ. ನಮ್ಮಲ್ಲಿ ಜಾಸ್ತಿ ಜನ ಕಾಲೇಜಿನವರು. ಪರೀಕ್ಷೆ, ಇಂಟರ್ನಲ್ಸ್ ಎಲ್ಲ ಡಿಸೆಂಬರ್‌ನಲ್ಲೇ ಬರುತ್ತವೆ. ಆದರೂ ಸಂಜೆ ಏಳಕ್ಕೆ ಅಭ್ಯಾಸಕ್ಕೆ ಬರುತ್ತಾರೆ. ನಮಗೆ ಉಡುಗೊರೆ ಬೇಡ. ಹಾಡು ಮುಗಿದ ಮೇಲೆ ಯಾರಾದರೂ ಬಂದು "ಕಾಣಿಕೆ ಗೀತೆಯ ಎರಡನೇ ಚರಣದಲ್ಲಿ ನಿಮ್ಮ ದನಿ ಚೆನ್ನಾಗಿ ಕೇಳಿಸಿತು" ಅಂದರೆ ಸಾಕು. ಒಬ್ಬ ಅಜ್ಜಿ ನನಗೆ ಹಾಗೆ ಹೇಳಿದ್ದರು. ಅದಕ್ಕಾಗಿಯೇ ಮುಂದಿನ ವರ್ಷವೂ ಬರಬೇಕು ಅನ್ನಿಸುತ್ತದೆ.

ಇನ್ನೊಂದು ಮಾತು. ರಾತ್ರಿ ಅಭ್ಯಾಸ ಮುಗಿದ ಮೇಲೆ ಹುಡುಗಿಯರನ್ನು ಮನೆ ತನಕ ಬಿಟ್ಟು ಬರಲು ಒಬ್ಬ ಅಂಕಲ್ ಕಾರು ತರುತ್ತಿದ್ದರು. ಅವರು ಯಾವ ಸಂಘದಲ್ಲೂ ಇಲ್ಲ, ಹಾಡುವುದೂ ಇಲ್ಲ. ಅವರ ಹೆಸರು ಯಾವ ಪಟ್ಟಿಯಲ್ಲೂ ಬರುವುದಿಲ್ಲ. ಅವರಿಲ್ಲದಿದ್ದರೆ ನಮ್ಮಲ್ಲಿ ಅರ್ಧ ಜನರನ್ನು ಮನೆಯಲ್ಲಿ ಕಳಿಸುತ್ತಲೇ ಇರಲಿಲ್ಲ.

---

ನಿವೃತ್ತ_ಮೇಷ್ಟ್ರು | ಜನವರಿ 5, ರಾತ್ರಿ 10:15

ನನ್ನ ಅಭಿಪ್ರಾಯ ಸ್ವಲ್ಪ ಬೇರೆ. ದೇವರ ಕೆಲಸಕ್ಕೆ ದೇವರೇ ಪ್ರತಿಫಲ ಕೊಡುತ್ತಾನೆ. ಬಲಗೈ ಮಾಡಿದ್ದು ಎಡಗೈಗೆ ತಿಳಿಯಬಾರದು ಅಂತ ಯೇಸುಸ್ವಾಮಿಯೇ ಹೇಳಿದ್ದಾರೆ. ನಾವು ಚಿಕ್ಕವರಿದ್ದಾಗ ನಮ್ಮ ತಂದೆ ಬೆಳಗಿನ ಜಾವ ಎದ್ದು ಗಂಟೆ ಹೊಡೆಯಲು ಹೋಗುತ್ತಿದ್ದರು. ಯಾರೂ ಶಾಲು ಹೊದಿಸಲಿಲ್ಲ. ಅವರು ಬಯಸಲೂ ಇಲ್ಲ.

ವೇದಿಕೆ ಹತ್ತಿಸಿ ಹೊಗಳಲು ಶುರು ಮಾಡಿದರೆ, ನಾಳೆ ಹೆಸರು ಬಿಟ್ಟುಹೋದವರು ಬೇಸರ ಮಾಡಿಕೊಳ್ಳುತ್ತಾರೆ. ಹೀಗೆ ಎಷ್ಟೋ ಸಂಘಗಳು ಒಡೆದುಹೋಗಿವೆ. ಸೇವೆ ಸೇವೆಯಾಗಿಯೇ ಇರಲಿ.

---

ಹುಬ್ಬಳ್ಳಿ_ಸಭಾಹಿರಿಯ | ಜನವರಿ 5, ರಾತ್ರಿ 11:02

ಮೇಷ್ಟ್ರೇ, ನಿಮ್ಮ ತಂದೆಯವರ ಬಗ್ಗೆ ಓದಿ ಸಂತೋಷ ಆಯಿತು. ಆದರೆ ಒಂದು ವಿಷಯದಲ್ಲಿ ನಾನು ಒಪ್ಪುವುದಿಲ್ಲರೀ.

ಬಲಗೈ ಎಡಗೈ ಮಾತು ಕೊಡುವವನಿಗೆ ಹೇಳಿದ್ದು. ತಾನು ಮಾಡಿದ್ದನ್ನು ತಾನೇ ಸಾರಬಾರದು ಅಂತ. ಪಡೆದುಕೊಂಡವರು ಸುಮ್ಮನಿರಬೇಕು ಅಂತ ಅಲ್ಲಿ ಎಲ್ಲೂ ಹೇಳಿಲ್ಲ. ಹತ್ತು ಮಂದಿ ಕುಷ್ಠರೋಗಿಗಳು ಗುಣವಾದಾಗ ಒಬ್ಬನೇ ತಿರುಗಿ ಬಂದ. ಉಳಿದ ಒಂಬತ್ತು ಮಂದಿ ಎಲ್ಲಿ ಅಂತ ಯೇಸು ಕೇಳಿದರು ಅಲ್ವಾ?

ಬೈಬಲಿನಲ್ಲಿ ಸಂತ ಪೌಲ ಸಭೆಗಳಿಗೆ ಬರೆದ ಪತ್ರಿಕೆಗಳನ್ನು ನೋಡಿ. ರೋಮಾಪುರದವರಿಗೆ ಬರೆದ ಪತ್ರಿಕೆಯ 16ನೇ ಅಧ್ಯಾಯವನ್ನು ನಾವು ಬೇಗ ಬೇಗ ಓದಿ ಮುಗಿಸುತ್ತೇವೆ, ಬರೀ ಹೆಸರುಗಳು ಅಂತ. ನನಗೆ ಅದೇ ಬಹಳ ಇಷ್ಟ. ಕೆಂಖ್ರೆಯ ಸಭೆಯಲ್ಲಿ ಸೇವೆ ಮಾಡುತ್ತಿದ್ದ ಫೊಯಿಬೆ ಮೊದಲು ಬರುತ್ತಾಳೆ. ತಮ್ಮ ಪ್ರಾಣವನ್ನೇ ಒಡ್ಡಿದ ಪ್ರಿಸ್ಕ ಮತ್ತು ಅಕ್ವಿಲ, ಅವರ ಮನೆಯಲ್ಲಿ ಸೇರುತ್ತಿದ್ದ ಸಭೆ. ಬಹಳ ಪ್ರಯಾಸಪಟ್ಟ ಮರಿಯಳು. ಒಬ್ಬನ ತಾಯಿಯ ಬಗ್ಗೆ ಹೇಳುವಾಗ, ಆಕೆ ನನಗೂ ತಾಯಿಯಂತೆ ಇದ್ದಳು ಅನ್ನುತ್ತಾನೆ. ಕೊನೆಗೆ ಆ ಪತ್ರಿಕೆಯನ್ನು ಕೈಯಾರೆ ಬರೆದುಕೊಟ್ಟವನು ತೆರ್ತ್ಯ, ಅವನೂ ತನ್ನ ಹೆಸರಿನಲ್ಲಿ ವಂದನೆ ಹೇಳುತ್ತಾನೆ. ಬರವಣಿಗೆಯ ಕೆಲಸ ಮಾಡಿದವನಿಗೂ ಅಲ್ಲಿ ಜಾಗ ಸಿಕ್ಕಿದೆ. ಪೌಲ "ಎಲ್ಲರಿಗೂ" ಅಂತ ಒಂದೇ ಸಾಲು ಬರೆದು ಮುಗಿಸಬಹುದಿತ್ತು. ಮುಗಿಸಲಿಲ್ಲ. ಯಾರು ಏನು ಮಾಡಿದರು ಅಂತ ಒಬ್ಬೊಬ್ಬರದ್ದೂ ಹೇಳಿದ.

ನಮ್ಮದು ಸಿಎಸ್‌ಐ (ಚರ್ಚ್ ಆಫ್ ಸೌತ್ ಇಂಡಿಯಾ) ಸಭೆ, ಬಾಸೆಲ್ ಮಿಷನ್ ಕಾಲದ ಬೇರು. ಜನವರಿಯ ಒಂದು ಭಾನುವಾರ ಆರಾಧನೆಯಲ್ಲಿ ನಮ್ಮ ಅಯ್ಯನವರು ಪ್ರಾರ್ಥನೆಯ ಒಳಗೇ ಹೆಸರುಗಳನ್ನು ಓದುತ್ತಾರೆ. ವೇದಿಕೆ ಇಲ್ಲ, ಚಪ್ಪಾಳೆ ಇಲ್ಲ. "ಕರ್ತನೇ, ನೀರು ತುಂಬಿಸಿದ ಇವರಿಗಾಗಿ, ಜಮಖಾನೆ ಹಾಸಿದ ಇವರಿಗಾಗಿ ನಿನಗೆ ಸ್ತೋತ್ರ" ಅನ್ನುತ್ತಾರೆ. ಮೇಷ್ಟ್ರು ಹೇಳಿದ ಹೊಗಳಿಕೆಯ ಭಯವೂ ಇಲ್ಲ, ಹೆಸರು ಮರೆಯುವುದೂ ಇಲ್ಲ. ಪಟ್ಟಿಯನ್ನು ಹಿಂದಿನ ವಾರವೇ ಬಾಗಿಲ ಹತ್ತಿರ ಅಂಟಿಸಿರುತ್ತೇವೆ. ಬಿಟ್ಟುಹೋದ ಹೆಸರನ್ನು ಯಾರು ಬೇಕಾದರೂ ಸೇರಿಸಬಹುದು.

---

ನಿವೃತ್ತ_ಮೇಷ್ಟ್ರು | ಜನವರಿ 6, ಬೆಳಿಗ್ಗೆ 6:30

ಪ್ರಾರ್ಥನೆಯ ಒಳಗೆ ಹೆಸರು ಓದುವುದು ಒಳ್ಳೆಯ ಕ್ರಮ. ಅದಕ್ಕೆ ನನ್ನ ಒಪ್ಪಿಗೆ ಇದೆ.

---

ಸಿಸ್ಟರ್_ಸಾಕ್ರಿಸ್ಟಿ | ಜನವರಿ 6, ಮಧ್ಯಾಹ್ನ 2:10

ನಾನು ಕಾನ್ವೆಂಟಿನ ಒಬ್ಬ ಸಿಸ್ಟರ್. ಚರ್ಚಿನ ಸಾಕ್ರಿಸ್ಟಿಯ, ಅಂದರೆ ಪೂಜೆಯ ಬಟ್ಟೆ, ಪಾತ್ರೆ ಇಡುವ ಕೋಣೆಯ ಜವಾಬ್ದಾರಿ ನನ್ನದು. ನನಗಾಗಿ ಬರೆಯುತ್ತಿಲ್ಲ. ನನ್ನ ಜೊತೆ ಕೆಲಸ ಮಾಡುವ ಸಾಕ್ರಿಸ್ತಾನ್ ಅಂಕಲ್ ಮತ್ತು ಇಬ್ಬರು ಹೆಂಗಸರಿಗಾಗಿ ಬರೆಯುತ್ತಿದ್ದೇನೆ. ಏನೇನು ಕೆಲಸ ಅಂತ ಗೊತ್ತಿದ್ದರೆ ತಾನೇ ಅದಕ್ಕೆ ಧನ್ಯವಾದ ಹೇಳಲು ಆಗುವುದು.

ಆಗಮನ ಕಾಲದಲ್ಲಿ ಪೂಜಾವಸ್ತ್ರ ನೇರಳೆ. ಮೂರನೇ ಭಾನುವಾರ ಗುಲಾಬಿ. ಕ್ರಿಸ್ಮಸ್‌ಗೆ ಬಿಳಿ ಅಥವಾ ಚಿನ್ನದ ಬಣ್ಣ. 26ಕ್ಕೆ ಸಂತ ಸ್ತೆಫಾನರ ಹಬ್ಬ, ಕೆಂಪು. 27ಕ್ಕೆ ಸಂತ ಯೊವಾನ್ನರದು, ಮತ್ತೆ ಬಿಳಿ. 28ರಂದು ಹೆರೋದ ರಾಜ ಕೊಲ್ಲಿಸಿದ ಮುಗ್ಧ ಮಕ್ಕಳ ಹಬ್ಬ ಇರುತ್ತದೆ, ಈ ಸಲ ಅದು ಭಾನುವಾರ ಬಂದದ್ದರಿಂದ ಪವಿತ್ರ ಕುಟುಂಬದ ಹಬ್ಬ ನಡೆಯಿತು. ಅಷ್ಟೂ ಬಟ್ಟೆ ತೆಗೆದು, ಇಸ್ತ್ರಿ ಮಾಡಿ, ಮತ್ತೆ ಮಡಚಿ ಇಡಬೇಕು. ಬಲಿಪೀಠದ ಬಿಳಿ ಬಟ್ಟೆಗೆ ಗಂಜಿ ಹಾಕಬೇಕು. ಪಾನಪಾತ್ರೆ ಒರೆಸುವ ಚಿಕ್ಕ ಬಟ್ಟೆಗಳನ್ನು ಬೇರೆಯಾಗಿ ಒಗೆಯಬೇಕು. ಮೊದಲ ನೀರನ್ನು ಚರಂಡಿಗೆ ಬಿಡುವಂತಿಲ್ಲ. ಗಿಡದ ಬುಡಕ್ಕೆ, ಮಣ್ಣಿಗೆ ಹಾಕಬೇಕು. ನಮ್ಮ ಅಂಕಲ್ ಈ ನಿಯಮವನ್ನು ಒಂದು ದಿನವೂ ತಪ್ಪಿಸುವುದಿಲ್ಲ. ನೋಡುವವರು ಯಾರೂ ಇರುವುದಿಲ್ಲ.

ಪರಮಪ್ರಸಾದಕ್ಕೆ ಬೇಕಾದ ರೊಟ್ಟಿ ಬರೀ ಗೋಧಿ ಹಿಟ್ಟು ಮತ್ತು ನೀರಿನಿಂದ ಆಗಬೇಕು. ಅದಕ್ಕೆ ಮುಂಚೆಯೇ ಹೇಳಿ ತರಿಸಬೇಕು. ರಾತ್ರಿ ಪೂಜೆಗೆ ಎಷ್ಟು ಜನ ಬರಬಹುದು ಅಂತ ಅಂದಾಜು ಹಾಕಬೇಕು. ಕಡಿಮೆ ಬಿದ್ದರೆ ಗುರುಗಳು ಮುರಿದು ಹಂಚಬೇಕಾಗುತ್ತದೆ. ಧೂಪದ ಇದ್ದಿಲು, ತೀರ್ಥ, ಓದುವ ಪುಸ್ತಕದಲ್ಲಿ ಪುಟ ಗುರುತಿಸುವುದು, ಮೈಕಿನ ಬ್ಯಾಟರಿ, ಬಾಲಯೇಸುವಿನ ಪ್ರತಿಮೆ. ಪೀಠದ ಹುಡುಗರ ನಿಲುವಂಗಿ ಉದ್ದ ಆದರೆ ಅಲ್ಲೇ ಮಡಚಿ ಹೊಲಿಗೆ ಹಾಕುವುದು.

ಮೇಣದ ಬತ್ತಿಯ ವಿಷಯ ಬಿಡಲೇ ಆಗುವುದಿಲ್ಲ. ರಾತ್ರಿ ಪೂಜೆಯಲ್ಲಿ ಎಲ್ಲರ ಕೈಯಲ್ಲಿ ಬತ್ತಿ ಇರುತ್ತದೆ. ನೋಡಲು ತುಂಬಾ ಚೆಂದ. ಮೇಣವೆಲ್ಲ ನೆಲದ ಮೇಲೆ, ಬೆಂಚಿನ ಮೇಲೆ. ಪೂಜೆ ಮುಗಿದು ಜನ ಕೈ ಕುಲುಕಿ ಹೊರಟ ಮೇಲೆ ಈ ಇಬ್ಬರು ಹೆಂಗಸರು ಮೊಣಕಾಲೂರಿ ಕೂತು ಹಳೇ ಬ್ಲೇಡಿನಲ್ಲಿ ಅದನ್ನು ಕೆರೆಯುತ್ತಾರೆ. ಬೆಳಗಿನ ಪೂಜೆಗೆ ನೆಲ ಮತ್ತೆ ಹೊಳೆಯುತ್ತಿರಬೇಕು. ಅವರ ಮನೆಯಲ್ಲೂ ಅವತ್ತೇ ಹಬ್ಬ. ಅವರ ಮಕ್ಕಳೂ ಅಮ್ಮನಿಗಾಗಿ ಕಾಯುತ್ತಿರುತ್ತಾರೆ.

ನನ್ನ ಕೋರಿಕೆ ಒಂದೇ. ಧನ್ಯವಾದ ಹೇಳುವಾಗ ಕೆಲಸದ ಹೆಸರು ಹಿಡಿದು ಹೇಳಿ. ಮುಂದಿನ ವರ್ಷ ಬತ್ತಿಯ ಕೆಳಗೆ ಒಂದು ಕಾಗದದ ಬಟ್ಟಲು ಇಟ್ಟುಕೊಳ್ಳಿ. ಅದೂ ಧನ್ಯವಾದವೇ.

---

ಗೋದಲಿ_ಗ್ಯಾಂಗ್ | ಜನವರಿ 6, ಸಂಜೆ 5:25

ಸಿಸ್ಟರ್, ನೀವು ಬರೆದದ್ದನ್ನು ನಮ್ಮ ಯುವಜನ ಸಂಘದ ಗುಂಪಿಗೆ ಕಳಿಸಿದ್ದೇನೆ.

ನಾವು ಗೋದಲಿ ಕಟ್ಟುವವರು. ಅಸ್ಸಿಸಿಯ ಸಂತ ಫ್ರಾನ್ಸಿಸ್ 1223ರಲ್ಲಿ ಗ್ರೆಚ್ಚೊ ಅನ್ನುವ ಊರಿನಲ್ಲಿ ಜೀವಂತ ದನ, ಕತ್ತೆ, ಹುಲ್ಲು ಇಟ್ಟು ಯೇಸುವಿನ ಜನನವನ್ನು ತೋರಿಸಿದ್ದು ಅಂತ ಗುರುಗಳು ಹೇಳಿದ್ದರು. ಅಂದಿನಿಂದ ಇದು ನಡೆದು ಬಂದಿದೆ. ನಮ್ಮಲ್ಲಿ ಬಿದಿರು, ಗೋಣಿಚೀಲ, ಭತ್ತದ ಹುಲ್ಲು, ಕೆಮ್ಮಣ್ಣು. ಹಸಿರಿಗೆ ತಟ್ಟೆಗಳಲ್ಲಿ ರಾಗಿ ಚೆಲ್ಲಿ ಪೈರು ಬೆಳೆಸುತ್ತೇವೆ. ಅದಕ್ಕೆ ದಿನಾ ನೀರು ಚಿಮುಕಿಸುವುದು ಸಂಡೇ ಸ್ಕೂಲಿನ ಮಕ್ಕಳು. ಹುಲ್ಲು ಕೊಟ್ಟದ್ದು ಪಕ್ಕದ ಬೀದಿಯ ಗೌಡರ ಮನೆಯವರು. ಪ್ರತಿ ವರ್ಷ ಕೊಡುತ್ತಾರೆ, ದುಡ್ಡು ಮುಟ್ಟುವುದಿಲ್ಲ.

ಕಟ್ಟುವಾಗ ಇಪ್ಪತ್ತು ಜನ ಇರುತ್ತಾರೆ. ಬಿಚ್ಚುವಾಗ ನಾಲ್ಕು ಜನ. ಬಿಚ್ಚುವವರಿಗೂ ಒಂದು ಟೀ ಮಾಡಿ ಕೊಡಿ, ಅಷ್ಟು ಸಾಕು. ಮೈಸೂರಿನ ಅಣ್ಣ, ಗೋದಲಿ ಬಿಚ್ಚುವುದು 11ರ ನಂತರ ತಾನೇ? ಕಾರ್ಯಕ್ರಮ ಮುಗಿಯಿತು ಅಂತ ಎಲ್ಲರೂ ಹೊರಡುವ ಮೊದಲು ಅದನ್ನೂ ಮೈಕಿನಲ್ಲಿ ಹೇಳಿ. ಬಂದು ಕೈ ಹಾಕಿದರೆ ಅದಕ್ಕಿಂತ ದೊಡ್ಡ ಧನ್ಯವಾದ ಇಲ್ಲ.

---

ಕರಾವಳಿ_ಮಾಮ್ | ಜನವರಿ 6, ರಾತ್ರಿ 8:40

ಮಂಗಳೂರಿನಿಂದ ನಮಸ್ಕಾರ. ನಮ್ಮಲ್ಲಿ ಡಿಸೆಂಬರ್ ಅಂದರೆ ಕುಸ್ವಾರ್, ಕ್ರಿಸ್ಮಸ್ ತಿಂಡಿಗಳು. ವಾರ್ಡಿನ ಹೆಂಗಸರೆಲ್ಲ ಒಂದೇ ಮನೆಯಲ್ಲಿ ಕೂತು ನೆವ್ರಿ, ಕಿಡಿಯೊ, ಗುಳಿಯೊ, ರೋಸ್ ಕುಕ್ಕಿಸ್ ಮಾಡುತ್ತಾರೆ. ಒಂದು ಪಾಲು ಮನೆಗೆ, ಒಂದು ಪಾಲು ಕಷ್ಟದಲ್ಲಿರುವವರಿಗೆ. ಅದನ್ನು ಹಂಚುವುದು ಸಂತ ವಿನ್ಸೆಂಟ್ ದಿ ಪಾವ್ಲ್ ಸಭೆಯವರು. ಈ ಸಭೆ 1833ರಲ್ಲಿ ಪ್ಯಾರಿಸಿನಲ್ಲಿ ಕಾಲೇಜು ಹುಡುಗರಿಂದ ಶುರುವಾದದ್ದು. ನಮ್ಮ ಊರಿನಲ್ಲಿ ಅದನ್ನು ನಡೆಸುತ್ತಿರುವವರು ಎಪ್ಪತ್ತು ದಾಟಿದ ಹಿರಿಯರು. ಛತ್ರಿ ಹಿಡಿದು, ಚೀಲ ಹೊತ್ತು ಗುಡ್ಡ ಹತ್ತುತ್ತಾರೆ.

ನಮ್ಮ ಕಷ್ಟ ಏನೆಂದರೆ, ಕರಾವಳಿಯಲ್ಲಿ ಜನವರಿಗೆ ವಿಶ್ರಾಂತಿ ಇಲ್ಲ. ಬಾಲಯೇಸುವಿನ ಹಬ್ಬ ಬರುತ್ತದೆ. ಆಮೇಲೆ ತಿಂಗಳ ಕೊನೆಗೆ ಕಾರ್ಕಳದ ಅತ್ತೂರು ಸಂತ ಲಾರೆನ್ಸರ ಜಾತ್ರೆ. 2016ರಲ್ಲಿ ಆ ಚರ್ಚನ್ನು ಕಿರಿಯ ಬಸಿಲಿಕ (ವಿಶೇಷ ಗೌರವದ ಚರ್ಚು) ಅಂತ ಘೋಷಿಸಿದರು. ಯಾವ ಧರ್ಮ ಅಂತ ನೋಡದೆ ಎಲ್ಲರೂ ಬರುತ್ತಾರೆ. ಕ್ರಿಸ್ಮಸ್ಸಿಗೆ ದುಡಿದ ಸ್ವಯಂಸೇವಕರಲ್ಲಿ ಎಷ್ಟೋ ಜನ ಅಲ್ಲಿಗೂ ಹೋಗುತ್ತಾರೆ. ಹಾಗಾಗಿ ನಮ್ಮ ಗುರುಗಳು ಒಂದು ಕ್ರಮ ಮಾಡಿದ್ದಾರೆ. ಜನವರಿ ಮೊದಲ ವಾರ ಯಾವ ಮೀಟಿಂಗೂ ಇಲ್ಲ. ಗಾನವೃಂದದ ಅಭ್ಯಾಸ ಇಲ್ಲ. ಆಫೀಸು ಎರಡು ದಿನ ಮುಚ್ಚಿರುತ್ತದೆ. ಫೋನಿಗೆ ಗುರುಗಳೇ ಉತ್ತರಿಸುತ್ತಾರೆ. ಆಫೀಸಿನಲ್ಲಿ ಕೆಲಸ ಮಾಡುವ ಅಕ್ಕ ಮೊದಲ ಸಲ ತನ್ನ ತವರಿಗೆ ಕ್ರಿಸ್ಮಸ್ ಕುಸ್ವಾರ್ ತೆಗೆದುಕೊಂಡು ಹೋದರು. ವಿಶ್ರಾಂತಿ ಕೊಡುವುದು ಖರ್ಚಿಲ್ಲದ ಧನ್ಯವಾದ. ನಮ್ಮ ಜನರಿಗೆ ಅದು ಯಾಕೋ ಹೊಳೆಯುವುದೇ ಇಲ್ಲ.

---

ಮಗಳು_ಬರೆಯುತ್ತಿದ್ದೇನೆ | ಜನವರಿ 6, ರಾತ್ರಿ 11:30

ಇಲ್ಲಿ ಮೊದಲ ಸಲ ಬರೆಯುತ್ತಿದ್ದೇನೆ. ಊರಿನ ಹೆಸರು, ಚರ್ಚಿನ ಹೆಸರು ಹೇಳುವುದಿಲ್ಲ.

ನನ್ನ ಅಮ್ಮ ಒಂದು ಚರ್ಚಿನಲ್ಲಿ ಕಸ ಗುಡಿಸುವ ಕೆಲಸ ಮಾಡುತ್ತಾರೆ. ನಾನು ಹುಟ್ಟುವುದಕ್ಕೆ ಮುಂಚಿನಿಂದ. ಸಿಸ್ಟರ್ ಬರೆದ ಮೇಣದ ಮಾತು ಓದಿ ಕಣ್ಣಲ್ಲಿ ನೀರು ಬಂತು. ನಾನು ಚಿಕ್ಕವಳಿದ್ದಾಗ ಅಮ್ಮನ ಜೊತೆ ಕೂತು ಅದೇ ಕೆಲಸ ಮಾಡಿದ್ದೇನೆ.

ಅಮ್ಮನಿಗೆ ಒಂದು ವರ್ಷ ಸನ್ಮಾನ ಮಾಡಿದರು. ವೇದಿಕೆಗೆ ಕರೆದರು, ಶಾಲು ಹೊದಿಸಿದರು, ಫೋಟೊ ತೆಗೆದರು. ಅಮ್ಮನಿಗೆ ಖುಷಿ ಆಯಿತು, ಸುಳ್ಳು ಹೇಳುವುದಿಲ್ಲ. ಆ ಶಾಲು ಇನ್ನೂ ಬೀರುವಿನಲ್ಲಿದೆ. ಆದರೆ ಕಾರ್ಯಕ್ರಮ ಮುಗಿದ ಮೇಲೆ ಆ ವೇದಿಕೆಯ ಹೂವು, ತಟ್ಟೆ, ನೀರಿನ ಬಾಟಲಿಗಳನ್ನೆಲ್ಲ ಎತ್ತಿದ್ದು ಅಮ್ಮನೇ. ಶಾಲನ್ನು ಕುರ್ಚಿಯ ಮೇಲೆ ಇಟ್ಟು ಪೊರಕೆ ಹಿಡಿದರು. ಯಾರಿಗೂ ತಪ್ಪು ಅನ್ನಿಸಲಿಲ್ಲ. ಅಮ್ಮನಿಗೂ ಅನ್ನಿಸಲಿಲ್ಲ. ನನಗೆ ಮಾತ್ರ ಅದು ಇವತ್ತಿಗೂ ನೋವು.

ಅದಾದ ಮೇಲೆ ಅಮ್ಮ ಸ್ಟೂಲಿನ ಮೇಲೆ ಹತ್ತಿ ಕಿಟಕಿ ಒರೆಸುವಾಗ ಬಿದ್ದು ಕೈ ಮುರಿಯಿತು. ಗುರುಗಳು ಆಸ್ಪತ್ರೆಗೆ ಕರೆದುಕೊಂಡು ಹೋದರು, ಖರ್ಚೂ ಕೊಟ್ಟರು. ಅವರು ಒಳ್ಳೆಯವರು. ಆದರೆ ಕೆಲಸಕ್ಕೆ ಹೋಗದ ದಿನಗಳಿಗೆ ಸಂಬಳ ಇರಲಿಲ್ಲ. ಹಾಗಂತ ಯಾರೂ ತೀರ್ಮಾನ ಮಾಡಿದ್ದಲ್ಲ. ಸುಮ್ನೆ ಯಾರೂ ಯೋಚನೆ ಮಾಡಲಿಲ್ಲ. ರಜೆ ಎಷ್ಟು, ಸಂಬಳ ಎಷ್ಟು, ಹಬ್ಬಕ್ಕೆ ಏನು ಕೊಡಬೇಕು, ಯಾವುದೂ ಕಾಗದದ ಮೇಲೆ ಇರಲಿಲ್ಲ. ಗುರುಗಳು ವರ್ಗವಾಗುತ್ತಾರೆ, ಸಮಿತಿ ಬದಲಾಗುತ್ತದೆ. ಪ್ರತಿ ಸಲ ಅಮ್ಮ ಹೊಸಬರ ಮುಂದೆ ಮತ್ತೆ ಮೊದಲಿನಿಂದ ಕೇಳಬೇಕು. ಕೇಳುವುದೇ ಅವರಿಗೆ ಕಷ್ಟ.

ಮೈಸೂರಿನ ಸರ್, ನೀವು ಸ್ವಇಚ್ಛೆಯವರಿಗೂ ಸಂಬಳದವರಿಗೂ ಧನ್ಯವಾದ ಬೇರೆ ಇರಬೇಕು ಅಂದಿರಿ. ಅದು ಸರಿ. ಸ್ವಯಂಸೇವಕರಿಗೆ ಒಳ್ಳೆಯ ಮಾತು ಸಾಕು, ಅವರೇ ಹಾಗೆ ಹೇಳುತ್ತಿದ್ದಾರೆ. ಸಂಬಳಕ್ಕೆ ದುಡಿಯುವವರಿಗೆ ಮಾತಿನ ಜೊತೆ ಹಬ್ಬದ ಬೋನಸ್, ರಜೆ, ಕಾಗದದ ಮೇಲೆ ಒಂದು ನಿಯಮ ಬೇಕು. ದಯವಿಟ್ಟು ಅವರನ್ನು ವೇದಿಕೆಗೆ ಕರೆಯಿರಿ. ಕರೆದ ದಿನ ವೇದಿಕೆಯನ್ನು ಬೇರೆಯವರು ಗುಡಿಸಿ.

---

ಪಾಲನಾಸಮಿತಿ_ಮೈಸೂರು | ಜನವರಿ 7, ಬೆಳಿಗ್ಗೆ 7:05

ಅಮ್ಮ, ನೀವು ಬರೆದದ್ದನ್ನು ಗುರುಗಳಿಗೆ ಓದಿ ಹೇಳಿದೆ. ಅವರು ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ "ಇದನ್ನೇ ಭಾನುವಾರದ ಮೊದಲ ವಿಷಯ ಮಾಡಿ" ಅಂದರು. ಇವತ್ತು ಸಂಜೆ ಸಮಿತಿ ಸೇರುತ್ತಿದೆ. ನಿಮ್ಮ ತಾಯಿಗೆ ನಮ್ಮೆಲ್ಲರ ನಮಸ್ಕಾರ ಹೇಳಿ.

---

ಹುಬ್ಬಳ್ಳಿ_ಸಭಾಹಿರಿಯ | ಜನವರಿ 7, ಬೆಳಿಗ್ಗೆ 9:15

ತಂಗಿ, ಕೆಲಸದವರ ಕೂಲಿ ಹಿಡಿದಿಟ್ಟರೆ ಆ ಕೂಲಿಯೇ ಕೂಗುತ್ತದೆ ಅಂತ ಯಾಕೋಬನ ಪತ್ರಿಕೆಯಲ್ಲಿದೆ. ನಮ್ಮ ಪಾಸ್ಟರೇಟ್ ಕಮಿಟಿಯಲ್ಲೂ ಈ ಮಾತು ಎತ್ತುತ್ತೇನೆ. ನಮ್ಮ ಕಾವಲುಗಾರರ ರಜೆಯೂ ಕಾಗದದ ಮೇಲೆ ಇಲ್ಲ.

---

ಸೌಂಡ್_ಲೈಟ್_ಸೇವೆ | ಜನವರಿ 7, ಮಧ್ಯಾಹ್ನ 12:50

ನಾನು ಹಿಂದೂ. ನಮ್ಮ ಊರಿನ ಚರ್ಚಿಗೆ ಮೈಕ್, ಲೈಟು, ಜನರೇಟರ್ ಹಾಕುವುದು ನಾನೇ. ನಮ್ಮ ತಂದೆ ಕಾಲದಿಂದ ನಡೆದುಬಂದಿದೆ. ಗಣೇಶನ ಪೆಂಡಾಲಿಗೂ ಹಾಕುತ್ತೇನೆ, ಉರೂಸಿಗೂ ಹಾಕುತ್ತೇನೆ.

24ರ ರಾತ್ರಿ ಜನರೇಟರ್ ಪಕ್ಕ ನಿಂತಿರಬೇಕು. ಕರೆಂಟು ಹೋದರೆ ಒಂದು ನಿಮಿಷದಲ್ಲಿ ಬದಲಾಯಿಸಬೇಕು. ಒಳಗೆ ಹಾಡು ಕೇಳಿಸುತ್ತಿರುತ್ತದೆ, ಚಳಿ ಇರುತ್ತದೆ. ನಮ್ಮ ಊರಿನ ಸಾಕ್ರಿಸ್ತಾನ್ ತಾತ ಪ್ರತಿ ವರ್ಷ ಪೂಜೆ ಮುಗಿದ ತಕ್ಷಣ ಮೊದಲು ನನ್ನ ಹುಡುಗರಿಗೆ ಕೇಕು, ಕಾಫಿ ತಂದು ಕೊಡುತ್ತಾರೆ. ಆಮೇಲೆ ತಾವು ತಿನ್ನುತ್ತಾರೆ. ಬಿಲ್ಲು ಬೇರೆ ಕಡೆ ತಡ ಆಗುತ್ತದೆ, ಆ ಚರ್ಚಿನಲ್ಲಿ 26ಕ್ಕೇ ಕೊಟ್ಟುಬಿಡುತ್ತಾರೆ. ಕೊಡಬೇಕಾದ ದುಡ್ಡನ್ನು ಸಮಯಕ್ಕೆ ಕೊಡುವುದೂ ಗೌರವವೇ ಅಂತ ಅವರನ್ನು ನೋಡಿ ಕಲಿತೆ. ನನ್ನ ಹುಡುಗರಿಗೂ ಈಗ ಹಾಗೇ ಕೊಡುತ್ತೇನೆ.

---

ದುಬೈ_ಕನ್ನಡಿಗ | ಜನವರಿ 7, ಮಧ್ಯಾಹ್ನ 3:30

ಇಲ್ಲಿ ಕ್ರಿಸ್ಮಸ್ಸಿಗೆ ಸರ್ಕಾರಿ ರಜೆ ಇಲ್ಲ. ಊದ್ ಮೇಥಾದ ಸೇಂಟ್ ಮೇರೀಸ್ ಚರ್ಚಿಗೆ ಬೇರೆ ಬೇರೆ ದೇಶದವರು, ಬೇರೆ ಬೇರೆ ಭಾಷೆಯವರು ಬರುತ್ತಾರೆ. ಜನಸಂದಣಿ ಹೇಗಿರುತ್ತದೆ ಅಂದರೆ ಸ್ವಯಂಸೇವಕರಿಲ್ಲದೆ ಗೇಟಿನಿಂದ ಒಳಗೆ ಕಾಲಿಡಲು ಆಗುವುದಿಲ್ಲ. ಡ್ಯೂಟಿ ಮುಗಿಸಿ ನೇರವಾಗಿ ಬಂದು ಸಾಲು ನಿಲ್ಲಿಸುವವರು ಅವರು. ಮರುದಿನ ಬೆಳಿಗ್ಗೆ ಮತ್ತೆ ಡ್ಯೂಟಿ.

ನಮ್ಮ ಕರಾವಳಿಯ ಹುಡುಗರೂ ಅದರಲ್ಲಿ ಇದ್ದಾರೆ. ಊರಿನಲ್ಲಿರುವ ಅವರ ತಂದೆ ತಾಯಿಗೆ ಮಗ ಇಲ್ಲಿ ಏನು ಮಾಡುತ್ತಾನೆ ಅಂತ ಗೊತ್ತೇ ಇರುವುದಿಲ್ಲ. ಈ ಸಲ ನಾನು ಇಬ್ಬರ ಮನೆಗೆ ಫೋನ್ ಮಾಡಿ ಹೇಳಿದೆ. ಒಬ್ಬ ತಾಯಿ "ಮನೆಯಲ್ಲಿ ಒಂದು ಕಡ್ಡಿ ಎತ್ತಿಡದವನು" ಅಂತ ಅತ್ತರು, ಖುಷಿಯಿಂದ. ದೂರದ ಊರಿನಲ್ಲಿ ಇರುವವರ ಮಕ್ಕಳು ನಿಮ್ಮ ಚರ್ಚಿನಲ್ಲಿ ದುಡಿಯುತ್ತಿದ್ದರೆ ಅವರ ಮನೆಗೆ ಒಂದು ಫೋನ್ ಮಾಡಿ.

---

ಪಾಲನಾಸಮಿತಿ_ಮೈಸೂರು | ಜನವರಿ 7, ರಾತ್ರಿ 10:10

ಸಮಿತಿ ಸಭೆ ಈಗ ಮುಗಿಯಿತು. ತೀರ್ಮಾನಗಳನ್ನು ಹೇಳುತ್ತೇನೆ.

ಶಾಲು, ಸ್ಮರಣಿಕೆ ಈ ಸಲ ಇಲ್ಲ. ಆ ಹಣವನ್ನು ಸಂಬಳದ ಸಿಬ್ಬಂದಿಗೆ ಹಬ್ಬದ ಬೋನಸ್ಸಿಗೆ ಸೇರಿಸುತ್ತೇವೆ. ಕಾಣಿಕೆ ಹಣವನ್ನು ಹೀಗೆ ಖರ್ಚು ಮಾಡಬಹುದಾ ಅಂತ ಒಬ್ಬ ಹಿರಿಯರು ಕೇಳಿದರು. ಶಾಲಿಗೂ ಅದೇ ಕಾಣಿಕೆ ಹಣ ಹೋಗುತ್ತಿತ್ತು ಅಂತ ಗುರುಗಳು ಹೇಳಿದರು. ಅವರು ಒಪ್ಪಿದರು. ರಜೆ, ಹುಷಾರಿಲ್ಲದಾಗ ಸಂಬಳ, ಹಬ್ಬದ ಬೋನಸ್, ಮೂರನ್ನೂ ಸಮಿತಿಯ ಪುಸ್ತಕದಲ್ಲಿ ಬರೆದು ಎಲ್ಲರೂ ಸಹಿ ಹಾಕುತ್ತೇವೆ. ಗುರುಗಳು ಬದಲಾದರೂ ಪುಸ್ತಕ ಅಲ್ಲೇ ಇರುತ್ತದೆ.

ಭಾನುವಾರ ಹೆಸರುಗಳನ್ನು ವಿಶ್ವಾಸಿಗಳ ಪ್ರಾರ್ಥನೆಯಲ್ಲಿ ಓದುತ್ತೇವೆ, ಹುಬ್ಬಳ್ಳಿಯವರ ಕ್ರಮದಂತೆ. ಊಟ ಬಡಿಸುವುದು ಸಮಿತಿಯವರು. ಸಿಬ್ಬಂದಿ ಮತ್ತು ಅವರ ಮನೆಯವರು ಮೊದಲ ಪಂಕ್ತಿಯಲ್ಲಿ ಕೂರುತ್ತಾರೆ. ಗುಡಿಸುವ ಕೆಲಸ ಅವತ್ತು ನಮ್ಮದು. ನನ್ನ ಹೆಸರು ಮೊದಲು ಬರೆದುಕೊಂಡಿದ್ದೇನೆ.

ಪ್ರಾರ್ಥನೆಯ ಕರಡು ಇದು:

"ನಸುಕಿನಲ್ಲಿ ಬಾಗಿಲು ತೆರೆದು ದೀಪ ಹಚ್ಚಿದವರಿಗಾಗಿ, ಮೇಣ ಕೆರೆದು ನೆಲ ಒರೆಸಿದವರಿಗಾಗಿ, ಬಲಿಪೀಠದ ಬಟ್ಟೆ ಒಗೆದವರಿಗಾಗಿ, ರಾತ್ರಿಯೆಲ್ಲ ಗೇಟು ಕಾಯ್ದವರಿಗಾಗಿ, ಹಾಡಿದವರಿಗಾಗಿ, ಹಾಡಿದವರನ್ನು ಮನೆ ಮುಟ್ಟಿಸಿದವರಿಗಾಗಿ, ರಾಗಿ ಪೈರಿಗೆ ನೀರು ಹಾಕಿದ ಮಕ್ಕಳಿಗಾಗಿ, ಅಡುಗೆ ಮಾಡಿ ಕೊನೆಗೆ ಉಂಡವರಿಗಾಗಿ, ಹುಲ್ಲು ಕೊಟ್ಟ ನೆರೆಯವರಿಗಾಗಿ ಪ್ರಭುವಿಗೆ ಕೃತಜ್ಞತೆ ಸಲ್ಲಿಸೋಣ."

ಪ್ರತಿ ಸಾಲಿನ ನಂತರ ಆ ಕೆಲಸ ಮಾಡಿದವರ ಹೆಸರು ಬರುತ್ತದೆ. ಏನಾದರೂ ಬಿಟ್ಟುಹೋಗಿದ್ದರೆ ಹೇಳಿ.

---

ಆಲ್ಟೊ_ಹುಡುಗಿ | ಜನವರಿ 7, ರಾತ್ರಿ 10:31

ಕಾರಿನ ಅಂಕಲ್ ತರಹದವರನ್ನು ಸೇರಿಸಿದ್ದೀರಿ! ತುಂಬಾ ಖುಷಿ ಆಯಿತು ಅಣ್ಣ. 26ರ ಬೆಳಿಗ್ಗೆ ಚರ್ಚಿನ ಮುಂದಿನ ರಸ್ತೆ ಗುಡಿಸಿದ ಪೌರಕಾರ್ಮಿಕರನ್ನೂ ಸೇರಿಸಿ. ಪಟಾಕಿ ಕಾಗದ, ಕೇಕಿನ ತಟ್ಟೆ ಎಲ್ಲ ಎತ್ತಿದವರು ಅವರು. ರಾತ್ರಿ ಟ್ರಾಫಿಕ್ ನೋಡಿದ ಪೊಲೀಸರೂ ಇದ್ದಾರೆ.

---

ಬ್ಯಾಂಕ್_ಉದ್ಯೋಗಿ_ಹಾಸನ | ಜನವರಿ 8, ಬೆಳಿಗ್ಗೆ 8:20

ಕಾರ್ಯದರ್ಶಿಗಳೇ, ತೀರ್ಮಾನ ಓದಿ ಮನಸ್ಸಿಗೆ ಹಿತವಾಯಿತು. ಬಿದ್ದು ಕೈ ಮುರಿದ ತಾಯಿಯ ವಿಷಯ ಓದಿದ ಮೇಲೆ ಒಂದು ಸಲಹೆ ಕೊಡಲೇಬೇಕು ಅನ್ನಿಸಿತು.

ಪ್ರಧಾನಮಂತ್ರಿ ಸುರಕ್ಷಾ ಬಿಮಾ ಯೋಜನೆ ಅಂತ ಇದೆ. ವರ್ಷಕ್ಕೆ 20 ರೂಪಾಯಿ. 18ರಿಂದ 70 ವರ್ಷದವರು ಸೇರಬಹುದು. ಬ್ಯಾಂಕ್ ಅಥವಾ ಅಂಚೆ ಕಚೇರಿಯಲ್ಲಿ ಖಾತೆ ಇದ್ದರೆ ಸಾಕು. ಅಪಘಾತದಲ್ಲಿ ಜೀವ ಹೋದರೆ ಅಥವಾ ಪೂರ್ತಿ ಅಂಗವೈಕಲ್ಯ ಆದರೆ 2 ಲಕ್ಷ, ಭಾಗಶಃ ಶಾಶ್ವತ ಅಂಗವೈಕಲ್ಯಕ್ಕೆ 1 ಲಕ್ಷ. ಸುಮ್ಮನೆ ಮೂಳೆ ಮುರಿದರೆ ಇದರಲ್ಲಿ ಬರುವುದಿಲ್ಲ, ಅದನ್ನು ಮೊದಲೇ ತಿಳಿಸಿ ಹೇಳಿ. ಹಾಗಾಗಿ ನೀವು ಬರೆದ ಹುಷಾರಿಲ್ಲದಾಗಿನ ಸಂಬಳದ ನಿಯಮ ಇದ್ದೇ ಇರಬೇಕು.

ಇನ್ನೊಂದು ಜೀವನ ಜ್ಯೋತಿ ಯೋಜನೆ. ವರ್ಷಕ್ಕೆ 436 ರೂಪಾಯಿ, ಯಾವ ಕಾರಣದಿಂದ ತೀರಿಕೊಂಡರೂ ಮನೆಯವರಿಗೆ 2 ಲಕ್ಷ. ಇದಕ್ಕೆ 18ರಿಂದ 50 ವರ್ಷದ ಒಳಗೆ ಸೇರಬೇಕು. 40 ದಾಟದ ಸಿಬ್ಬಂದಿ ಇದ್ದರೆ ಅಟಲ್ ಪಿಂಚಣಿಯನ್ನೂ ನೋಡಬಹುದು. 60 ಆದ ಮೇಲೆ ತಿಂಗಳಿಗೆ 1,000ದಿಂದ 5,000 ರೂಪಾಯಿವರೆಗೆ ಬರುತ್ತದೆ, ಎಷ್ಟು ಕಟ್ಟುತ್ತೀರಿ ಅನ್ನುವುದರ ಮೇಲೆ. ಆದಾಯ ತೆರಿಗೆ ಕಟ್ಟುವವರು ಸೇರುವಂತಿಲ್ಲ. ಅಸಂಘಟಿತ ಕಾರ್ಮಿಕರ ಇ-ಶ್ರಮ್ ಕಾರ್ಡ್ ಇನ್ನೂ ಮಾಡಿಸದಿದ್ದರೆ ಅದನ್ನೂ ಮಾಡಿಸಿ. 16ರಿಂದ 59 ವರ್ಷದವರಿಗೆ.

ಸಮಿತಿಯೇ ಪ್ರೀಮಿಯಂ ಹಣ ಕೊಟ್ಟರೆ ದೊಡ್ಡ ಖರ್ಚಲ್ಲ. ಫಾರ್ಮ್ ತುಂಬಲು, ಬ್ಯಾಂಕಿಗೆ ಹೋಗಲು ಯಾರಾದರೂ ಜೊತೆಗಿರಬೇಕು. ಹಾಗೆ ಜೊತೆಗೆ ಹೋಗುವವರು ಇಲ್ಲದೆ ಎಷ್ಟೋ ಜನ ಇದರಿಂದ ದೂರ ಉಳಿದಿದ್ದಾರೆ. ನಾನು ದಿನಾ ನೋಡುತ್ತೇನೆ.

---

ಮಗಳು_ಬರೆಯುತ್ತಿದ್ದೇನೆ | ಜನವರಿ 8, ಬೆಳಿಗ್ಗೆ 9:40

ಸರ್, ಅಮ್ಮನಿಗೆ 56. ಸುರಕ್ಷಾ ಬಿಮಾಗೆ ಈಗ ಸೇರಬಹುದಾ? ಯಾವ ಕಾಗದ ಬೇಕು?

---

ಬ್ಯಾಂಕ್_ಉದ್ಯೋಗಿ_ಹಾಸನ | ಜನವರಿ 8, ಬೆಳಿಗ್ಗೆ 10:05

ಖಂಡಿತ ಸೇರಬಹುದಮ್ಮ. ಅವರ ಖಾತೆ ಇರುವ ಶಾಖೆಗೆ ಪಾಸ್‌ಬುಕ್, ಆಧಾರ್ ತೆಗೆದುಕೊಂಡು ಹೋಗಿ. ಒಂದೇ ಪುಟದ ಫಾರ್ಮ್, ಕನ್ನಡದಲ್ಲೂ ಸಿಗುತ್ತದೆ. ನಾಮಿನಿಯ ಹೆಸರು ಮರೆಯದೆ ಬರೆಸಿ. ವಿಮೆಯ ವರ್ಷ ಜೂನ್ 1ರಿಂದ ಮೇ 31ರ ತನಕ. ಈಗ ಸೇರಿದರೂ ಮೇ ಕೊನೆಗೆ ಮತ್ತೆ 20 ರೂಪಾಯಿ ಕಡಿತವಾಗುತ್ತದೆ. ಆ ಸಮಯಕ್ಕೆ ಖಾತೆಯಲ್ಲಿ ಹಣ ಇರುವಂತೆ ನೋಡಿಕೊಳ್ಳಿ, ಇಲ್ಲದಿದ್ದರೆ ವಿಮೆ ನಿಂತುಹೋಗುತ್ತದೆ. ಕಾರ್ಯದರ್ಶಿಗಳೇ, ನಿಮ್ಮ ಸಿಬ್ಬಂದಿಯ ಖಾತೆಗೂ ಮೇ ತಿಂಗಳ ಸಂಬಳವನ್ನು ಸ್ವಲ್ಪ ಮುಂಚೆಯೇ ಹಾಕಿಬಿಡಿ.

---

ಪಾಲನಾಸಮಿತಿ_ಮೈಸೂರು | ಜನವರಿ 8, ಬೆಳಿಗ್ಗೆ 10:22

ಬರೆದುಕೊಂಡೆ. ಸೋಮವಾರ ನಮ್ಮ ಸಿಬ್ಬಂದಿಯನ್ನು ಬ್ಯಾಂಕಿಗೆ ಕರೆದುಕೊಂಡು ಹೋಗಲು ಸಮಿತಿಯ ಇಬ್ಬರು ಒಪ್ಪಿದ್ದಾರೆ. ಪೌರಕಾರ್ಮಿಕರ ಮೇಸ್ತ್ರಿಯನ್ನು ಇವತ್ತು ಮಾತಾಡಿಸುತ್ತೇನೆ. ಭಾನುವಾರ ಅವರ ಪಾಳಿ ಎಷ್ಟಕ್ಕೆ ಮುಗಿಯುತ್ತದೆ ಅಂತ ಕೇಳಿ, ಊಟದ ಹೊತ್ತನ್ನು ಅದಕ್ಕೆ ಸರಿಯಾಗಿ ಇಡುತ್ತೇವೆ.